ಆಸ್ಪತ್ರೆಯ ಒಡೆಯರು ಯಾರು? ಧರ್ಮಭಗಿನಿ ಡಾಕ್ಟರ್ ಮೇರಿ ಗ್ಲೌರಿ ಅವರ ಜೀವನ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿರುವ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಟ್ಟಿಲು ತುಳಿಯದ ಮನೆ ವಿರಳ. ಮಗುವಿನ ಜನನಕ್ಕೆ, ಅಜ್ಜನ ಹೃದಯದ ನೋವಿಗೆ, ಕೊನೆಗೊಮ್ಮೆ ರೋಗಿಗಳ ಅಭ್ಯಂಗಕ್ಕೆ ಗುರುಗಳನ್ನು ಕರೆಸುವುದಕ್ಕೆ, ಮಡಿವಾಳದ ಆಚೆಗಿರುವ ಆ ವಿಶಾಲ ಆವರಣವನ್ನು ನಾವು ಹೊಕ್ಕಿರುತ್ತೇವೆ. ಆದರೆ ಅದು ಯಾರ ಆಸ್ಪತ್ರೆ ಎಂದು ಕೇಳಿದರೆ ಉತ್ತರಗಳು ಬಗೆಬಗೆಯಾಗಿರುತ್ತವೆ. ಕೆಲವರು ಸಿಸ್ಟರುಗಳದ್ದು ಎನ್ನುತ್ತಾರೆ, ಕೆಲವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರದ್ದು ಎನ್ನುತ್ತಾರೆ, ಇನ್ನು ಕೆಲವರಿಗೆ ಅದು ರೋಮಿನಿಂದಲೇ ನಡೆಯುವ ಸಂಸ್ಥೆ. ಈ ಮೂರೂ ಸರಿಯಲ್ಲ. ಅದು ಭಾರತದ ಕಥೋಲಿಕ ಧರ್ಮಾಧ್ಯಕ್ಷರೆಲ್ಲರೂ ಕೂಡಿ ಸ್ಥಾಪಿಸಿದ ಒಂದು ನೋಂದಾಯಿತ ಸಂಘದ ಸಂಸ್ಥೆ. ಇಂಥದೊಂದು ಏರ್ಪಾಟು ಏಕೆ ಬೇಕಾಯಿತೆಂಬುದನ್ನು ತಿಳಿಯಲು ಬಯಸುವವರು 1957ನೆಯ ಇಸವಿಯ ಮೇ 5ರಂದು, ಒಂದು ಭಾನುವಾರ, ಇದೇ ಬೆಂಗಳೂರಿನಲ್ಲಿ ಕಣ್ಮುಚ್ಚಿದ ಓರ್ವ ಆಸ್ಟ್ರೇಲಿಯನ್ ಸನ್ಯಾಸಿನಿಯ ಜೀವನವನ್ನು ಅರಿಯಬೇಕಾಗುತ್ತದೆ. ಅವರ ಹೆಸರು ಡಾಕ್ಟರ್ ಮೇರಿ ಗ್ಲೌರಿ; ಸನ್ಯಾಸ ಜೀವನದಲ್ಲಿ ಪವಿತ್ರ ಹೃದಯದ ಸಿಸ್ಟರ್ ಮೇರಿ.

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದ ಬಿರ್ರೆಗರ‍್ರ ಎಂಬ ಊರಿನಲ್ಲಿ 1887ರ ಜೂನ್ 23ರಂದು ಅವರು ಜನಿಸಿದರು. ತಂದೆ ಎಡ್ವರ್ಡ್, ತಾಯಿ ಮಾರ್ಗರೆಟ್. ಐರಿಷ್ ಮೂಲದ ಈ ದಂಪತಿಗಳಿಗೆ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಮೇರಿ ಮೂರನೆಯವರು. ನೀರಿಗೆ ಬರವಿದ್ದ ಮ್ಯಾಲಿ ಪ್ರದೇಶದ ವಾಚೆಮ್ ಎಂಬ ಹಳ್ಳಿಯಲ್ಲಿ ಬಾಲ್ಯ ಕಳೆಯಿತು. ಮನೆಯ ಪ್ರಾರ್ಥನೆಯಲ್ಲಿ ಗುರುಗಳಿಗಾಗಿಯೂ ವೈದ್ಯರಿಗಾಗಿಯೂ ದಿನವೂ ಬೇಡಿಕೊಳ್ಳುವ ರೂಢಿ ಆ ಕುಟುಂಬದಲ್ಲಿತ್ತು. ಗುರುಗಳಿಗಾಗಿ ಪ್ರಾರ್ಥಿಸುವ ಮನೆಗಳು ನಮ್ಮಲ್ಲಿಯೂ ಬೇಕಾದಷ್ಟಿವೆ. ವೈದ್ಯರನ್ನೂ ಅದೇ ಉಸಿರಿನಲ್ಲಿ ನೆನೆಯುವ ಮನೆಗಳು ಎಷ್ಟಿವೆಯೋ ತಿಳಿಯದು.

ಹದಿಮೂರನೆಯ ವಯಸ್ಸಿಗೆ ವಿದ್ಯಾರ್ಥಿವೇತನ ಗಳಿಸಿ ಮೇರಿ ಮೆಲ್ಬರ್ನಿಗೆ ಬಂದರು. ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾ ವಿಭಾಗವನ್ನು ಸೇರಿ, ಅನಂತರ ವೈದ್ಯಕೀಯಕ್ಕೆ ಬದಲಾಯಿಸಿಕೊಂಡರು. 1910ರಲ್ಲಿ ಪದವಿ ಪಡೆದರು. ಆ ಕಾಲಕ್ಕೆ ಮಹಿಳಾ ವೈದ್ಯರನ್ನು ನಿವಾಸಿ ವೈದ್ಯರಾಗಿ ತೆಗೆದುಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದವು. ಮೇರಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ಮೊದಲ ಅನುಭವ ಪಡೆದು ಮೆಲ್ಬರ್ನಿಗೆ ಮರಳಿದರು. ಕಣ್ಣು ಮತ್ತು ಕಿವಿಯ ಆಸ್ಪತ್ರೆಯಲ್ಲಿ, ಸಂತ ವಿನ್ಸೆಂಟರ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ನಗರದ ಪ್ರತಿಷ್ಠಿತ ಕಾಲಿನ್ಸ್ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯವನ್ನೂ ತೆರೆದರು. ಮೂವತ್ತು ತುಂಬುವ ಮುನ್ನ ಓರ್ವ ಮಹಿಳೆಗೆ ಇಷ್ಟೆಲ್ಲ ಕೈಗೂಡಿದ್ದು ಸಾಮಾನ್ಯ ಮಾತಲ್ಲ.

1915ರ ಅಕ್ಟೋಬರ್ 24, ಭಾನುವಾರ. ಆ ದಿನ ಆಕಸ್ಮಿಕವಾಗಿ ಕೈಗೆ ಬಂದ ಒಂದು ಕಿರುಹೊತ್ತಗೆ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಸ್ಕಾಟ್ಲೆಂಡಿನ ಮಹಿಳಾ ವೈದ್ಯೆ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಅವರ ಜೀವನವನ್ನು ಅದು ತಿಳಿಸುತ್ತಿತ್ತು. ಇಳಿವಯಸ್ಸಿನಲ್ಲಿ ಕಥೋಲಿಕ ವಿಶ್ವಾಸವನ್ನು ಅಪ್ಪಿದ ಆಕೆ ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯೊಂದನ್ನು ಆರಂಭಿಸಲು ಕಾರಣರಾಗಿದ್ದರು. ಪರದೆಯ ಹಿಂದಿದ್ದ ಭಾರತೀಯ ಸ್ತ್ರೀಯರು ಪುರುಷ ವೈದ್ಯರ ಮುಂದೆ ಬರಲಾರದೆ ಹೆರಿಗೆಯಲ್ಲಿಯೇ ಸಾಯುತ್ತಿದ್ದುದನ್ನು ಕಂಡು, ಧರ್ಮಭಗಿನಿಯರಿಗೆ ವೈದ್ಯವೃತ್ತಿಯ ಅನುಮತಿ ಕೊಡಬೇಕೆಂದು ಅವರು ರೋಮಿಗೆ ಮತ್ತೆ ಮತ್ತೆ ಮೊರೆಯಿಟ್ಟಿದ್ದರು. ಆ ಮೊರೆಗೆ ಉತ್ತರ ದೊರೆಯುವ ಮುನ್ನವೇ 1913ರಲ್ಲಿ ತೀರಿಕೊಂಡರು. ಓದು ಮುಗಿಯುವಷ್ಟರಲ್ಲಿ ಮೇರಿಯವರಿಗೆ ತಮ್ಮ ಕರೆ ಸ್ಪಷ್ಟವಾಗಿತ್ತು.

ಆದರೆ ಮಹಾಯುದ್ಧ ನಡೆಯುತ್ತಿತ್ತು, ಮೆಲ್ಬರ್ನಿನಲ್ಲಿ ವೈದ್ಯರ ಅಭಾವವಿತ್ತು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರು ಕಾದರು. ಈ ಕಾಯುವಿಕೆ ವ್ಯರ್ಥವಾಗಲಿಲ್ಲ. 1916ರಲ್ಲಿ ಸ್ಥಾಪಿತವಾದ ಕಥೋಲಿಕ ಮಹಿಳಾ ಸಾಮಾಜಿಕ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆ. ಸಭೆ ಕರೆಯುವುದು, ನಿಯಮಾವಳಿ ರೂಪಿಸುವುದು, ಭಿನ್ನಾಭಿಪ್ರಾಯದ ನಡುವೆ ಒಂದು ತೀರ್ಮಾನಕ್ಕೆ ಬರುವುದು, ಚಂದಾ ಹಣಕ್ಕೆ ಲೆಕ್ಕ ಒಪ್ಪಿಸುವುದು, ಇವೆಲ್ಲವನ್ನೂ ಅವರು ಅಲ್ಲಿ ಕಲಿತರು. ಸಂತರ ಚರಿತ್ರೆಗಳಲ್ಲಿ ಇಂಥ ಸಂಗತಿಗಳಿಗೆ ಒಂದು ಸಾಲೂ ದೊರೆಯುವುದಿಲ್ಲ. ಉಪವಾಸ, ಜಾಗರಣೆ, ದರ್ಶನಗಳಿಗೆ ಪುಟಗಟ್ಟಲೆ ಜಾಗ. ನಡಾವಳಿ ಪುಸ್ತಕಕ್ಕೆ ಮಾತ್ರ ಜಾಗವಿಲ್ಲ! ಮೇರಿ ಗ್ಲೌರಿಯವರ ವಿಷಯದಲ್ಲಂತೂ ನಡಾವಳಿ ಪುಸ್ತಕವನ್ನು ಬಿಟ್ಟರೆ ಕಥೆಯ ಅರ್ಧವೇ ಬಿಟ್ಟುಹೋಗುತ್ತದೆ.

1919ರ ಕೊನೆಯಲ್ಲಿ ಎಂ.ಡಿ. ಪದವಿ ಮುಗಿಸಿದರು. ಸ್ತ್ರೀರೋಗ, ಪ್ರಸೂತಿ, ನೇತ್ರರೋಗಗಳು ಅವರು ಆಯ್ದುಕೊಂಡ ವಿಷಯಗಳು. ಭಾರತಕ್ಕೆ ಬೇಕಾದದ್ದನ್ನೇ ಆಯ್ದುಕೊಂಡರೆಂಬುದು ಗಮನಾರ್ಹ. 1920ರ ಜನವರಿ 21ರಂದು ಹಡಗನ್ನೇರಿ ಫೆಬ್ರವರಿ 12ರಂದು ಆಗಿನ ಮದರಾಸು ಆಧಿಪತ್ಯದ ಗುಂಟೂರನ್ನು ತಲುಪಿದರು. ತಾಯ್ನಾಡಿಗೆ ಮತ್ತೆ ಹಿಂದಿರುಗಲೇ ಇಲ್ಲ. ಯೇಸು ಮರಿಯ ಜೋಸೆಫರ ಸಭೆ, ಅಂದರೆ ನಾವು ಜೆ.ಎಂ.ಜೆ. ಸಿಸ್ಟರುಗಳೆಂದು ಬಲ್ಲ ಧಾರ್ಮಿಕ ಸಭೆಯನ್ನು ಅವರು ಸೇರಿದರು. 1822ರಲ್ಲಿ ಹಾಲೆಂಡಿನಲ್ಲಿ ಯೇಸುಸಭೆಯ ಗುರು ಮಥಾಯಸ್ ವುಲ್ಫ್ ಸ್ಥಾಪಿಸಿದ ಈ ಸಭೆಯ ಭಗಿನಿಯರು 1904ರಿಂದ ಗುಂಟೂರಿನಲ್ಲಿದ್ದರು.

ಇಲ್ಲಿ ಒಂದು ಕಾನೂನಿನ ತೊಡಕನ್ನು ವಿವರಿಸಬೇಕು. 1917ರಲ್ಲಿ ಪ್ರಕಟವಾದ ಧರ್ಮಸಭೆಯ ಕಾನೂನು ಸಂಹಿತೆಯು ಗುರುಗಳು ವಿಶೇಷ ಅನುಮತಿಯಿಲ್ಲದೆ ವೈದ್ಯವೃತ್ತಿ ನಡೆಸುವುದನ್ನು ನಿಷೇಧಿಸಿತ್ತು. ಆ ನಿಷೇಧ ಸನ್ಯಾಸಿನಿಯರಿಗೂ ಅನ್ವಯವಾಗುತ್ತಿತ್ತು. ದಾದಿಯಾಗಿ ಶುಶ್ರೂಷೆ ಮಾಡಬಹುದು, ವೈದ್ಯೆಯಾಗಿ ಚಿಕಿತ್ಸೆ ಮಾಡುವಂತಿಲ್ಲ. ಈ ಕಟ್ಟಳೆಗೆ ಅದರದೇ ಆದ ಕಾರಣಗಳಿದ್ದವು. ಆದರೆ ಕಟ್ಟಳೆಯನ್ನು ಬರೆದವರ ಕಣ್ಣಮುಂದೆ ಯೂರೋಪಿನ ಪಟ್ಟಣಗಳಿದ್ದವೇ ಹೊರತು ಗುಂಟೂರಿನ ಹೆರಿಗೆ ಕೋಣೆ ಇರಲಿಲ್ಲ. ಮೇರಿಯವರು ಅನುಮತಿಗಾಗಿ ಕಾದರು. ನವಶಿಷ್ಯಾವಧಿಯಲ್ಲಿರುವಾಗಲೇ ಜಗದ್ಗುರು 15ನೆಯ ಬೆನೆಡಿಕ್ಟರು ವಿಶೇಷ ಆಶೀರ್ವಾದ ನೀಡಿ ವೈದ್ಯವೃತ್ತಿಗೆ ಅವಕಾಶ ಮಾಡಿಕೊಟ್ಟರು. ಹೀಗೆ ವೈದ್ಯೆಯಾಗಿ ಸೇವೆ ಸಲ್ಲಿಸಿದ ಮೊದಲ ಕಥೋಲಿಕ ಧರ್ಮಭಗಿನಿ ಎಂಬ ಸ್ಥಾನ ಅವರದಾಯಿತು. ಎಲ್ಲ ಧರ್ಮಭಗಿನಿಯರಿಗೂ ಅನ್ವಯಿಸುವ ಸಾಮಾನ್ಯ ಆದೇಶ ಹೊರಬಿದ್ದದ್ದು 1936ರಲ್ಲಿ, ಜಗದ್ಗುರು 11ನೆಯ ಪಯಸ್ ಅವರ ಕಾಲದಲ್ಲಿ. ಅದರ ಹಿಂದೆ ಆಸ್ಟ್ರಿಯದ ಡಾಕ್ಟರ್ ಅನ್ನಾ ಡೆಂಗೆಲ್ ಮೊದಲಾದವರ ಹೋರಾಟವಿತ್ತು.

ಗುಂಟೂರಿನಲ್ಲಿ ಅವರು ಕಂಡದ್ದು ಒಂದು ಪುಟ್ಟ ಔಷಧಾಲಯ. ಅದು ಕ್ರಮೇಣ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಅನೇಕ ವರ್ಷಗಳ ಕಾಲ ಅಲ್ಲಿದ್ದ ವೈದ್ಯರು ಅವರೊಬ್ಬರೇ. ತೆಲುಗು ಕಲಿತರು. ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧ ಬೆರೆಸುವುದನ್ನೂ ಸೂಲಗಿತ್ತಿಯ ಕೆಲಸವನ್ನೂ ಶುಶ್ರೂಷೆಯನ್ನೂ ಕಲಿಸಿದರು. ವಿದೇಶದ ಔಷಧಗಳು ತುಟ್ಟಿಯಾಗಿದ್ದುದರಿಂದ ನಾಡಿನ ಗಿಡಮೂಲಿಕೆಗಳನ್ನು ಅಭ್ಯಾಸ ಮಾಡಿ, ಅವುಗಳಿಂದ ಔಷಧ ತಯಾರಿಸಿಕೊಂಡರು. ಸುತ್ತಲಿನ ಹಳ್ಳಿಗಳಿಗೂ ಹೋಗಿ ಬರುತ್ತಿದ್ದರು. ಇಂಥ ಸೇವಾಚರಿತ್ರೆಗಳನ್ನು ನಮ್ಮ ಓದುಗರು ಸಾಕಷ್ಟು ಓದಿದ್ದಾರೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧಾಲಯ ತೆರೆದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರ ಕಥೆ ಕರಾವಳಿಯ ಮನೆಮನೆಗೂ ಗೊತ್ತು. ಆದ್ದರಿಂದ ಈ ಭಾಗವನ್ನು ಬೇಗನೆ ದಾಟಿ, ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಮುಖಕ್ಕೆ ಬರೋಣ.

ಒಬ್ಬ ವ್ಯಕ್ತಿಯ ತ್ಯಾಗದಿಂದ ಹುಟ್ಟಿದ ಆಸ್ಪತ್ರೆ ಆ ವ್ಯಕ್ತಿಯ ಅನಂತರ ಏನಾಗುತ್ತದೆ? ಹತ್ತು ಹಾಸಿಗೆಗಳಿರುವಾಗ ಸ್ಥಾಪಕರ ಮನಸ್ಸಾಕ್ಷಿಯೇ ಆಡಳಿತ ಮಂಡಳಿ. ಬಡವನಿಗೆ ಉಚಿತ ಚಿಕಿತ್ಸೆ ಕೊಡಬೇಕೇ ಎಂಬುದನ್ನು ಅವರು ಬಾಗಿಲಲ್ಲಿಯೇ ನಿಂತು ತೀರ್ಮಾನಿಸಬಲ್ಲರು. ನೂರು ಹಾಸಿಗೆಗಳಾದಾಗ ಆ ತೀರ್ಮಾನ ಬೇರೆಯವರ ಕೈಗೆ ಹೋಗುತ್ತದೆ. ಸಾವಿರವಾದಾಗ ಅದು ಒಂದು ಕಾಗದದ ಮೇಲಿನ ನಿಯಮವಾಗುತ್ತದೆ. ನಿಯಮವನ್ನು ಬರೆದವರು ಯಾರು, ಬದಲಿಸುವವರು ಯಾರು, ಮೀರಿದರೆ ಕೇಳುವವರು ಯಾರು ಎಂಬ ಪ್ರಶ್ನೆಗಳು ಆಗ ಏಳುತ್ತವೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದಲ್ಲಿಯೇ ಒಂದು ಸರಳ ವಿಚಾರವನ್ನು ಮುಂದಿಡುತ್ತಾನೆ. ಪ್ರತಿಯೊಂದು ವಿದ್ಯೆಗೂ ತನ್ನದೇ ಆದ ಗುರಿಯುಂಟು; ವೈದ್ಯವಿದ್ಯೆಯ ಗುರಿ ಆರೋಗ್ಯ, ಗೃಹಾಡಳಿತದ ಗುರಿ ಸಂಪತ್ತು. ಆಸ್ಪತ್ರೆಯೆಂಬುದು ಈ ಎರಡು ವಿದ್ಯೆಗಳೂ ಒಂದೇ ಸೂರಿನಡಿ ವಾಸಿಸುವ ಸ್ಥಳ. ಲೆಕ್ಕಪತ್ರವಿಲ್ಲದೆ ಔಷಧ ಬಾರದು, ಸಂಬಳ ನಡೆಯದು. ಆದ್ದರಿಂದ ಎರಡನೆಯದನ್ನು ಹೊರಗೆ ಅಟ್ಟುವಂತಿಲ್ಲ. ಯಾವುದು ಯಾವುದಕ್ಕೆ ಅಧೀನವಾಗಿರಬೇಕು ಎಂಬುದನ್ನು ನೋಡಿಕೊಳ್ಳಲು ಮೂರನೆಯ ಒಂದು ಕಣ್ಣು ಬೇಕು. ಆಡಳಿತ ಮಂಡಳಿಯ ಕೆಲಸ ಮೂಲದಲ್ಲಿ ಇದೇ.

1930ರ ದಶಕದ ಕೊನೆಯ ಹೊತ್ತಿಗೆ ಮದರಾಸು ಸರ್ಕಾರವು ಎಲ್.ಎಂ.ಪಿ. ಎಂಬ ಕಿರಿಯ ವೈದ್ಯಕೀಯ ಶಿಕ್ಷಣವನ್ನು ನಿಲ್ಲಿಸಿ, ಪೂರ್ಣ ವಿಶ್ವವಿದ್ಯಾಲಯ ಪದವಿಯನ್ನೇ ಕಡ್ಡಾಯಗೊಳಿಸುವ ದಾರಿ ಹಿಡಿಯಿತು. ವೆಲ್ಲೂರಿನಲ್ಲಿ 1918ರಲ್ಲಿ ಡಾಕ್ಟರ್ ಐಡಾ ಸ್ಕಡ್ಡರ್ ಸ್ತ್ರೀಯರಿಗಾಗಿ ಆರಂಭಿಸಿದ್ದ ವೈದ್ಯಕೀಯ ಶಾಲೆಗೆ ಇದರಿಂದ ಕುತ್ತು ಬಂತು. ಕಾಲೇಜಿನ ಮಟ್ಟಕ್ಕೆ ಏರಿಸಲು ಒಂದು ಮಿಷನ್ ಸಂಸ್ಥೆಯ ಬಲ ಸಾಲದೆ, ಪ್ರಾಟೆಸ್ಟೆಂಟ್ ಸಭೆಗಳು ತಮ್ಮ ತಮ್ಮ ಗಡಿಗಳನ್ನು ಬದಿಗಿಟ್ಟು ಒಂದು ಸಾಮಾನ್ಯ ಮಂಡಳಿಯಡಿ ಒಟ್ಟುಗೂಡಿದವು. 1942ರಲ್ಲಿ ಅಲ್ಲಿ ಎಂ.ಬಿ.ಬಿ.ಎಸ್. ಆರಂಭವಾಯಿತು. ಕಥೋಲಿಕರಿಗೆ ಆಸ್ಪತ್ರೆಗಳಿದ್ದವು, ಔಷಧಾಲಯಗಳಿದ್ದವು, ದುಡಿಯುವ ಭಗಿನಿಯರಿದ್ದರು. ವೈದ್ಯಕೀಯ ಕಾಲೇಜು ಮಾತ್ರ ಇರಲಿಲ್ಲ. ಒಂದೊಂದು ಆಸ್ಪತ್ರೆಯೂ ಒಂದೊಂದು ಧಾರ್ಮಿಕ ಸಭೆಯ ಅಧೀನದಲ್ಲಿ ತನ್ನ ಪಾಡಿಗೆ ತಾನಿತ್ತು. ಪಕ್ಕದ ಜಿಲ್ಲೆಯ ಆಸ್ಪತ್ರೆಯವರು ಏನು ಮಾಡುತ್ತಿದ್ದಾರೆಂಬುದು ಇವರಿಗೆ ತಿಳಿಯದು, ಸರ್ಕಾರದೊಡನೆ ಎಲ್ಲರ ಪರವಾಗಿ ಮಾತನಾಡುವವರಿಲ್ಲ. ನಮ್ಮಲ್ಲಿ ಒಂದೇ ಬಲಿಪೀಠದ ಬಳಿ ಸೇರುವವರು ಒಂದೇ ಮೇಜಿನ ಸುತ್ತ ಕೂಡುವುದು ಕಷ್ಟ. ಆಗಲೂ ಹಾಗೆಯೇ ಇತ್ತು.

ಈ ಸ್ಥಿತಿಯನ್ನು ಬದಲಿಸಲು ಮೊದಲ ಹೆಜ್ಜೆಯಿಟ್ಟವರು ಸಿಸ್ಟರ್ ಮೇರಿ. 1943ರ ಜುಲೈ 29ರಂದು ಅವರ ಮುಂದಾಳುತನದಲ್ಲಿ ಹದಿನಾರು ಮಂದಿ ಧರ್ಮಭಗಿನಿಯರು ಕೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಸಮ್ಮೇಳನವೇ ಇನ್ನೂ ಹುಟ್ಟಿರಲಿಲ್ಲ. ಅದು ರೂಪುಗೊಂಡದ್ದು 1944ರ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ. ಅಂದರೆ ರಾಷ್ಟ್ರಮಟ್ಟದಲ್ಲಿ ಒಟ್ಟುಗೂಡುವ ವಿಷಯದಲ್ಲಿ ಈ ಭಗಿನಿಯರು ಧರ್ಮಾಧ್ಯಕ್ಷರಿಗಿಂತ ಒಂದು ವರ್ಷ ಮುಂದಿದ್ದರು. ಇದನ್ನು ನಮ್ಮ ಧರ್ಮಸಭೆಯ ಚರಿತ್ರೆಕಾರರು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಸಂಘದ ಸ್ವರೂಪವನ್ನು ಗಮನಿಸಬೇಕು. ಅದು ಯಾವ ಆಸ್ಪತ್ರೆಯ ಒಡೆತನವನ್ನೂ ಕಿತ್ತುಕೊಳ್ಳಲಿಲ್ಲ. ಆಯಾ ಆಸ್ಪತ್ರೆ ಆಯಾ ಸಭೆಯದಾಗಿಯೇ ಉಳಿಯಿತು. ಆದರೆ ವೃತ್ತಿಯ ಮಟ್ಟ, ತರಬೇತಿ, ನೈತಿಕ ಪ್ರಶ್ನೆಗಳು, ಸರ್ಕಾರದೊಡನೆ ವ್ಯವಹಾರ, ಇವುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಉತ್ತರ ಹೇಳುವ ಒಂದು ವೇದಿಕೆ ಒದಗಿತು. ದೊಡ್ಡವರು ಮಾಡಬಹುದೆಂಬ ಕಾರಣಕ್ಕೆ ಚಿಕ್ಕವರ ಕೈಯಿಂದ ಕೆಲಸವನ್ನು ಕಸಿಯಬಾರದು ಎಂಬುದು ಧರ್ಮಸಭೆಯ ಸಾಮಾಜಿಕ ಬೋಧನೆಯಲ್ಲಿ 1931ರಿಂದ ಸ್ಪಷ್ಟವಾಗಿ ಬಂದಿರುವ ತತ್ವ. ಚಿಕ್ಕವರು ತಾವು ಒಬ್ಬರೇ ಮಾಡಲಾಗದ್ದನ್ನು ಕೂಡಿ ಮಾಡಬೇಕೆಂಬುದು ಅದರ ಮರುಮುಖ. ಸಂಘದ ಕಣ್ಣಮುಂದೆ ಅಂಥ ಒಂದು ಕೆಲಸ ಮೊದಲಿನಿಂದಲೂ ಇತ್ತು. ಅದೆಂದರೆ ಭಾರತದಲ್ಲಿ ಒಂದು ಕಥೋಲಿಕ ವೈದ್ಯಕೀಯ ಕಾಲೇಜು. ಗರ್ಭದಲ್ಲಿರುವ ಜೀವಕ್ಕೂ ಸಾವಿನಂಚಿನಲ್ಲಿರುವ ಜೀವಕ್ಕೂ ಸಮಾನ ಗೌರವ ಕೊಡುವ ವೈದ್ಯರು ಬೇಕಾದರೆ ಅಂಥವರನ್ನು ತರಬೇತುಗೊಳಿಸುವ ಜಾಗವೂ ಬೇಕೆಂಬುದು ಸಿಸ್ಟರ್ ಮೇರಿಯವರ ನಿಲುವಾಗಿತ್ತು. ಸ್ಥಾಪಕ ಅಧ್ಯಕ್ಷೆಯಾಗಿ ಆರಂಭದ ವರ್ಷಗಳಲ್ಲಿ ಅವರು ಇದಕ್ಕಾಗಿಯೇ ದುಡಿದರು.

ಕಾಲೇಜನ್ನು ಅವರು ಕಾಣಲಿಲ್ಲ. ಕ್ಯಾನ್ಸರ್ ಅವರನ್ನು ಹಿಡಿಯಿತು. ಮೂವತ್ತೇಳು ವರ್ಷಗಳ ಭಾರತವಾಸದ ಕೊನೆಯಲ್ಲಿ, ಎಪ್ಪತ್ತು ತುಂಬಲು ಕೆಲವೇ ವಾರಗಳಿರುವಾಗ, ಬೆಂಗಳೂರಿನಲ್ಲಿ ಅವರು ನಿಧನರಾದರು. ಆಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದವರು ಪೂಜ್ಯ ಥಾಮಸ್ ಪೋತಕಮೂರಿ. ಅವರು ಗುಂಟೂರು ಸೀಮೆಯವರೇ. 1942ರಲ್ಲಿ ಬೆಂಗಳೂರಿಗೆ ಬರುವ ಮುನ್ನ ಗುಂಟೂರಿನ ಧರ್ಮಾಧ್ಯಕ್ಷರಾಗಿದ್ದವರು. ಸಿಸ್ಟರ್ ಮೇರಿಯವರ ಆಸ್ಪತ್ರೆ ನಿಂತಿದ್ದುದು ಅವರದೇ ಧರ್ಮಕ್ಷೇತ್ರದಲ್ಲಿ. ಮುಂದೆ ಕಾಲೇಜು ತೆರೆದದ್ದೂ ಅವರದೇ ಮಹಾಧರ್ಮಕ್ಷೇತ್ರದಲ್ಲಿ. ದೈವಸಂಕಲ್ಪದ ದಾರಿಗಳು ಒಮ್ಮೊಮ್ಮೆ ಹೀಗೆ ಒಂದನ್ನೊಂದು ದಾಟಿ ಹೋಗುತ್ತವೆ.

ಸಿಸ್ಟರ್ ಮೇರಿಯವರ ಮರಣದ ಆರು ವರ್ಷಗಳ ಅನಂತರ, 1963ರಲ್ಲಿ, ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಧರ್ಮಾಧ್ಯಕ್ಷರ ಸಮ್ಮೇಳನದ ಅಧ್ಯಕ್ಷರಾಗಿದ್ದವರು ಮುಂಬಯಿಯ ಕಾರ್ಡಿನಲ್ ವಲೇರಿಯನ್ ಗ್ರೇಷಿಯಸ್. ಅದೇ ವರ್ಷ ಜೂನ್ 3ರಂದು ದಿವಂಗತರಾದ ಜಗದ್ಗುರು 23ನೆಯ ಜಾನ್ ಅವರ ಸ್ಮರಣೆಗೆ ಸಂಸ್ಥೆಯನ್ನು ಅರ್ಪಿಸಲಾಗಿದೆ. ಮೊದಲ ತರಗತಿಗಳು ನಡೆದದ್ದು ಕುಕ್ಸ್ ಟೌನಿನ ತಾತ್ಕಾಲಿಕ ಕಟ್ಟಡದಲ್ಲಿ. ಕಾಲೇಜಿಗೆ ಸ್ವಂತ ಆಸ್ಪತ್ರೆಯಿಲ್ಲದ ಆ ವರ್ಷಗಳಲ್ಲಿ ವಿದ್ಯಾರ್ಥಿಗಳಿಗೆ ರೋಗಿಗಳ ಹಾಸಿಗೆಯ ಪಕ್ಕದ ಪಾಠ ದೊರೆತದ್ದು ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ತೆರೆದ ಸಂತ ಮಾರ್ಥಾ ಆಸ್ಪತ್ರೆಯಲ್ಲಿ. ಒಂದು ಸಭೆಯ ಭಗಿನಿಯರು ಕಟ್ಟಿದ ಆಸ್ಪತ್ರೆಯಲ್ಲಿ ಎಲ್ಲ ಧರ್ಮಾಧ್ಯಕ್ಷರ ಕಾಲೇಜಿನ ವಿದ್ಯಾರ್ಥಿಗಳು ಕಲಿತರು. 1943ರ ಸಂಘದ ಆಶಯ ಇಲ್ಲಿ ಕಾರ್ಯರೂಪಕ್ಕೆ ಬಂದದ್ದನ್ನು ಕಾಣಬಹುದು. 1968ರಲ್ಲಿ ಕಾಲೇಜು ಈಗಿನ ಆವರಣಕ್ಕೆ ಬಂತು, 1975ರಲ್ಲಿ ಸ್ವಂತ ಆಸ್ಪತ್ರೆ ತೆರೆಯಿತು. 1994ರಿಂದ ಇಡೀ ಸಮೂಹಕ್ಕೆ ಸಂತ ಜಾನರ ರಾಷ್ಟ್ರೀಯ ಆರೋಗ್ಯ ವಿಜ್ಞಾನಗಳ ಅಕಾಡೆಮಿ ಎಂಬ ಹೆಸರು. 2004ರಲ್ಲಿ ಸಂಶೋಧನಾ ಸಂಸ್ಥೆಯೂ ಸೇರಿತು. ಇಂದು ಸಾವಿರಕ್ಕೂ ಹೆಚ್ಚು ಹಾಸಿಗೆಗಳು ಅಲ್ಲಿವೆ.

ಇದರ ಒಡೆತನದ ಏರ್ಪಾಟು ಹೀಗಿದೆ. ಧರ್ಮಾಧ್ಯಕ್ಷರ ಸಮ್ಮೇಳನವು ವೈದ್ಯಕೀಯ ಶಿಕ್ಷಣಕ್ಕಾಗಿಯೇ ಒಂದು ಸಂಘವನ್ನು ನೋಂದಾಯಿಸಿದೆ. ಸಂಸ್ಥೆ ಆ ಸಂಘದ್ದು. ಸಂಘದ ಪರವಾಗಿ ಒಂದು ಆಡಳಿತ ಮಂಡಳಿ. ಮಂಡಳಿ ನೇಮಿಸಿದ ನಿರ್ದೇಶಕರು ಓರ್ವ ಗುರುಗಳು. ಅವರಿಗೆ ನೆರವಾಗಿ ಸಹನಿರ್ದೇಶಕರು. ಕಾಲೇಜಿಗೆ ಡೀನ್, ಆಸ್ಪತ್ರೆಗೆ ವೈದ್ಯಕೀಯ ಅಧೀಕ್ಷಕರು. ಬಿಲ್ಲಿನ ವಿಷಯದಲ್ಲಿ ಬೇಸರಗೊಂಡ ನಮ್ಮ ಧರ್ಮಕೇಂದ್ರದ ಜನ ಈ ಎಲ್ಲರನ್ನೂ ಒಂದೇ ಮಾತಿನಲ್ಲಿ ಮ್ಯಾನೇಜ್‌ಮೆಂಟ್ ಎಂದು ಕರೆಯುವುದುಂಟು. ವಾಸ್ತವದಲ್ಲಿ ಇವು ಬೇರೆ ಬೇರೆ ಹೊಣೆಗಳು, ಮತ್ತು ಬೇರೆಯಾಗಿರುವುದರಲ್ಲಿಯೇ ಇವುಗಳ ಪ್ರಯೋಜನವಿದೆ. ದಿನನಿತ್ಯದ ಆಡಳಿತ ನಡೆಸುವವರೇ ತಮ್ಮ ಆಡಳಿತದ ಪರೀಕ್ಷಕರೂ ಆದರೆ ಪರೀಕ್ಷೆ ನಡೆಯುವುದೇ ಇಲ್ಲ. ಹಾಗೆಯೇ ಮಂಡಳಿಯವರು ಪ್ರತಿಯೊಂದು ನೇಮಕಾತಿಗೂ ಪ್ರತಿಯೊಂದು ಯಂತ್ರದ ಖರೀದಿಗೂ ಕೈಹಾಕಿದರೆ ಆಡಳಿತ ನಿಂತುಹೋಗುತ್ತದೆ. ಆಯವ್ಯಯಕ್ಕೆ ಒಪ್ಪಿಗೆ ಕೊಡುವುದು, ಹೊರಗಿನ ಲೆಕ್ಕ ಪರಿಶೋಧಕರ ವರದಿಯನ್ನು ಓದಿ ಪ್ರಶ್ನೆ ಕೇಳುವುದು, ಬಡರೋಗಿಗಳಿಗೆಂದು ತೆಗೆದಿರಿಸಿದ ಹಣ ಅವರಿಗೇ ತಲುಪಿತೇ ಎಂದು ನೋಡುವುದು, ನಿರ್ದೇಶಕರನ್ನು ಆರಿಸುವುದು, ಆರಿಸಿದ ಮೇಲೆ ಅವರನ್ನು ಕೆಲಸ ಮಾಡಗೊಡುವುದು, ಇವು ಮಂಡಳಿಯ ಪಾಲಿನವು. ಈ ಕೊನೆಯದು ಹೇಳಲು ಸುಲಭ, ಮಾಡಲು ಕಠಿಣ.

ಆಸ್ತಿಯ ವಿಷಯದಲ್ಲಿ ಸಂತ ಥಾಮಸ್ ಅಕ್ವಿನಾಸರು ಮಾಡುವ ಒಂದು ಭೇದ ಇಲ್ಲಿ ನೆರವಿಗೆ ಬರುತ್ತದೆ. ವಸ್ತುಗಳನ್ನು ಸಂಪಾದಿಸುವ, ನಿರ್ವಹಿಸುವ, ಹಂಚುವ ಅಧಿಕಾರ ಮನುಷ್ಯನಿಗುಂಟು. ಆದರೆ ಅವುಗಳ ಬಳಕೆಯಲ್ಲಿ ಅವು ತನ್ನದೆಂದಲ್ಲ, ಎಲ್ಲರದೆಂದು ಕಾಣಬೇಕು. ಅಂದರೆ ಆಸ್ಪತ್ರೆಯನ್ನು ನಡೆಸುವ ಅಧಿಕಾರ ಒಬ್ಬರಲ್ಲಿದ್ದರೂ ಅದರ ಬಳಕೆಯ ಹಕ್ಕು ರೋಗಿಯಲ್ಲಿದೆ. 1983ರ ಕಾನೂನು ಸಂಹಿತೆ ಇದನ್ನು ಒಣ ಭಾಷೆಯಲ್ಲಾದರೂ ಖಚಿತವಾಗಿ ಹೇಳಿದೆ. ಧರ್ಮಸಭೆಯ ಪ್ರತಿಯೊಂದು ಕಾನೂನುಬದ್ಧ ಸಂಸ್ಥೆಗೂ ಹಣಕಾಸು ಸಮಿತಿ ಇರಬೇಕು, ಇಲ್ಲವೇ ಕನಿಷ್ಠ ಇಬ್ಬರು ಸಲಹೆಗಾರರಿರಬೇಕೆಂದು 1280ನೆಯ ನಿಯಮ ವಿಧಿಸುತ್ತದೆ. ಆಡಳಿತಗಾರರು ಒಳ್ಳೆಯ ಮನೆಯಜಮಾನನ ಎಚ್ಚರದಿಂದ ನಡೆಯಬೇಕೆಂಬುದು 1284ನೆಯ ನಿಯಮ. ವಿಶ್ವಾಸಿಗಳು ನೀಡಿದ ಕಾಣಿಕೆಗಳಿಗೆ ವಿಶ್ವಾಸಿಗಳಿಗೇ ಲೆಕ್ಕ ಒಪ್ಪಿಸಬೇಕೆಂದು 1287ನೆಯದು ಹೇಳುತ್ತದೆ. ಆದ್ದರಿಂದ ನಮ್ಮ ಸಂಸ್ಥೆಗಳ ಲೆಕ್ಕವನ್ನು ಕೇಳುವ ಸಾಮಾನ್ಯ ವಿಶ್ವಾಸಿಯನ್ನು ಧರ್ಮವಿರೋಧಿಯೆಂದು ನೋಡುವುದು ತಪ್ಪು. ಅವನು ಕೇಳುತ್ತಿರುವುದು ಧರ್ಮಸಭೆಯ ಕಾನೂನು ಕೊಟ್ಟಿರುವುದನ್ನೇ.

ನಾಡಿನ ಕಾನೂನೂ ಇದೇ ದಿಕ್ಕಿನಲ್ಲಿದೆ. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಆದರೆ ನಡೆಸುವ ಹಕ್ಕಿನಲ್ಲಿ ಕೆಡಿಸುವ ಹಕ್ಕು ಅಡಗಿಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು 1958ರಷ್ಟು ಹಿಂದೆಯೇ, ಕೇರಳದ ಶಿಕ್ಷಣ ಮಸೂದೆಯ ಸಂದರ್ಭದಲ್ಲಿ, ತಿಳಿಸಿತ್ತು. 2002ರಲ್ಲಿ ನಮ್ಮದೇ ರಾಜ್ಯದ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಈ ಹಕ್ಕಿನ ವ್ಯಾಪ್ತಿಯನ್ನು ವಿವರವಾಗಿ ಪರಿಶೀಲಿಸಿ, ಕ್ಯಾಪಿಟೇಶನ್ ಶುಲ್ಕಕ್ಕೂ ಲಾಭಕೋರತನಕ್ಕೂ ಅದರಲ್ಲಿ ಎಡೆಯಿಲ್ಲವೆಂದಿತು. ಸಂಶೋಧನೆಯ ವಿಷಯದಲ್ಲಿ 2019ರ ಹೊಸ ಔಷಧಗಳ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಆಸ್ಪತ್ರೆಯ ನೈತಿಕ ಸಮಿತಿಯ ಅಧ್ಯಕ್ಷರು ಆ ಸಂಸ್ಥೆಗೆ ಸೇರದವರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೊರಗಿನವರಾಗಿರಬೇಕು. ಮನೆಯವರ ಕಣ್ಣಿಗೆ ಕಾಣದ್ದು ಹೊರಗಿನವರಿಗೆ ಕಾಣುತ್ತದೆಂಬ ಹಳ್ಳಿಯ ವಿವೇಕವೇ ಇದರ ಹಿಂದಿರುವುದು.

ಸಂತ ಜಾನರ ಸಂಸ್ಥೆಯ ಇನ್ನೊಂದು ಕಟ್ಟಳೆಯಲ್ಲಿ ಸಿಸ್ಟರ್ ಮೇರಿಯವರ ಛಾಯೆ ಸ್ಪಷ್ಟವಾಗಿದೆ. ಅಲ್ಲಿ ಓದುವ ವಿದ್ಯಾರ್ಥಿಗಳು ಪದವಿಯ ಅನಂತರ ಎರಡು ವರ್ಷ, ವೈದ್ಯರ ಅಭಾವವಿರುವ ಸ್ಥಳಗಳಲ್ಲಿ ಸೇವೆ ಸಲ್ಲಿಸುವೆವೆಂದು ಒಪ್ಪಿ ಬರುತ್ತಾರೆ. ಧರ್ಮಭಗಿನಿಯರು ವೈದ್ಯರಾಗಲು ಅಲ್ಲಿ ವಿಶೇಷ ಅವಕಾಶವೂ ಉಂಟು. 1920ರಲ್ಲಿ ಓರ್ವ ಸನ್ಯಾಸಿನಿಗೆ ಸ್ಟೆತಸ್ಕೋಪ್ ಹಿಡಿಯಲು ಜಗದ್ಗುರುಗಳ ಅನುಮತಿ ಬೇಕಾಗಿತ್ತೆಂಬುದನ್ನು ನೆನೆದರೆ ಇದು ಸಣ್ಣ ದಾರಿಯಲ್ಲ. ಆದರೆ ಒಂದು ಮಾತನ್ನು ಇಲ್ಲಿ ಹೇಳದೆ ಇರಲಾಗದು. ಈ ದೇಶದ ಕಥೋಲಿಕ ಆಸ್ಪತ್ರೆಗಳನ್ನು ರಾತ್ರಿ ಹಗಲು ಎತ್ತಿ ಹಿಡಿದವರು ಬಹುಪಾಲು ಧರ್ಮಭಗಿನಿಯರು. ಅವುಗಳನ್ನು ಒಂದುಗೂಡಿಸುವ ವಿಚಾರ ಮೊದಲು ಹೊಳೆದದ್ದೂ ಅವರಿಗೆ. ತೀರ್ಮಾನ ಕೈಗೊಳ್ಳುವ ಮೇಜಿನ ಸುತ್ತ ಅವರಿಗೂ, ವೃತ್ತಿಜ್ಞಾನವುಳ್ಳ ಶ್ರೀಸಾಮಾನ್ಯ ವಿಶ್ವಾಸಿಗಳಿಗೂ, ಇನ್ನೂ ಹೆಚ್ಚು ಕುರ್ಚಿಗಳಿರಬೇಕೆಂದು ಗುರುವಾಗಿಯೇ ನಾನು ಭಾವಿಸುತ್ತೇನೆ. ಗುರುಪಟ್ಟವು ಲೆಕ್ಕಪತ್ರವನ್ನು ಓದುವ ಶಕ್ತಿಯನ್ನು ತಾನಾಗಿಯೇ ತಂದುಕೊಡುವುದಿಲ್ಲ. ಗುರುಮಠದಲ್ಲಿ ನಾವು ಕಲಿತದ್ದು ತತ್ವಶಾಸ್ತ್ರ.

ಹದಿನಾರು ಮಂದಿ ಆರಂಭಿಸಿದ ಆಸ್ಪತ್ರೆಗಳ ಸಂಘದಲ್ಲಿ ಇಂದು 3,500ಕ್ಕೂ ಹೆಚ್ಚು ಸಂಸ್ಥೆಗಳು ಸದಸ್ಯರಾಗಿವೆ. ಅದರ ಕೇಂದ್ರ ಕಚೇರಿ ಸಿಕಂದರಾಬಾದಿನಲ್ಲಿದೆ. ಸದಸ್ಯ ಸಂಸ್ಥೆಗಳಲ್ಲಿ ಬಹಳಷ್ಟು ಹಳ್ಳಿಗಳಲ್ಲಿರುವ ಪುಟ್ಟ ಔಷಧಾಲಯಗಳು, 1920ರಲ್ಲಿ ಗುಂಟೂರಿನಲ್ಲಿದ್ದಂಥವು. ಮೆಲ್ಬರ್ನಿನಲ್ಲಿ ಮೇರಿ ಗ್ಲೌರಿಯವರ ಹೆಸರಿನ ಸಂಗ್ರಹಾಲಯವೊಂದಿದೆ. ಅವರನ್ನು ಸಂತರ ಶ್ರೇಣಿಗೆ ಏರಿಸುವ ವಿಚಾರಣೆಯನ್ನು ಗುಂಟೂರು ಧರ್ಮಕ್ಷೇತ್ರವು ಕೈಗೆತ್ತಿಕೊಂಡಿತು, ಮತ್ತು 2013ರಲ್ಲಿ ಅವರನ್ನು ದೇವರ ಸೇವಕಿಯೆಂದು ಘೋಷಿಸಲಾಯಿತು. ಇಂಥ ವಿಚಾರಣೆಗಳಲ್ಲಿ ವ್ಯಕ್ತಿಯ ಪತ್ರಗಳನ್ನೂ ಬರಹಗಳನ್ನೂ ಒಂದೊಂದಾಗಿ ಪರಿಶೀಲಿಸುತ್ತಾರೆ. ರೋಗಿಗಳನ್ನು ಕುರಿತ ಪತ್ರಗಳ ಜೊತೆಗೆ ಸಂಘದ ನಿಯಮಾವಳಿ, ಸಭೆಗಳ ಸೂಚನಾಪತ್ರ, ಕಾಲೇಜಿನ ಯೋಜನೆಗಳನ್ನೂ ಪರಿಶೀಲಕರು ಅದೇ ಶ್ರದ್ಧೆಯಿಂದ ತೆರೆದು ಓದಲೆಂದು ಹಾರೈಸೋಣ.